ಡಿಯುಐ ಕೇಸು, ಕೋರ್ಟಿನ ಷರತ್ತು: ಕುಡಿತ ಬಿಡಿಸುವ ಔಷಧಿಗಳಲ್ಲಿ ಯಾವುದು ಯಾರಿಗೆ?

ಅಮೆರಿಕದಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ (ಅದಕ್ಕೆ ಅಲ್ಲಿ ಡಿಯುಐ, ಕೆಲವು ಕಡೆ ಡಿಡಬ್ಲ್ಯುಐ ಅನ್ನುತ್ತಾರೆ) ಸುಮ್ನೆ ದಂಡ ಕಟ್ಟಿ ಬಂದುಬಿಡೋಣ ಅನ್ನುವ ಹಾಗಿಲ್ಲ. ಎರಡನೇ ಸಲ ಸಿಕ್ಕವರಿಗೆ, ಮೊದಲ ಸಲವೇ ರಕ್ತದಲ್ಲಿ ಮದ್ಯ ವಿಪರೀತ ಇದ್ದವರಿಗೆ ಕೋರ್ಟ್ ಚಿಕಿತ್ಸೆಯ ಷರತ್ತು ಹಾಕುವುದು ಸಾಮಾನ್ಯ. ಆಗ ಮನೆಯಲ್ಲಿ ಗೊಂದಲ ಶುರುವಾಗುತ್ತದೆ. ಲಾಯರ್ "ತಿಂಗಳ ಇಂಜೆಕ್ಷನ್ ತಗೊಂಡರೆ ಜಡ್ಜ್ ಮುಂದೆ ಚೆನ್ನಾಗಿ ಕಾಣುತ್ತೆ" ಅನ್ನುತ್ತಾರೆ. ಡಾಕ್ಟರ್ ಮಾತ್ರೆ ಬರೆಯುತ್ತಾರೆ. ಊರಿಂದ ಅಮ್ಮ ಫೋನ್ ಮಾಡಿ "ಕುಡಿದರೆ ವಾಂತಿ ಆಗೋ ಮಾತ್ರೆ ಇದೆಯಂತಲ್ಲ, ಅದನ್ನೇ ಕೊಡಿಸು" ಅನ್ನುತ್ತಾರೆ. ಮೂವರೂ ಹೇಳುತ್ತಿರುವುದು ಬೇರೆ ಬೇರೆ ಔಷಧಿಯ ವಿಷಯ. ಕೆಲಸ ಮಾಡುವ ರೀತಿ ಬೇರೆ, ಅಪಾಯ ಬೇರೆ, ಖರ್ಚಿನಲ್ಲಂತೂ ಹತ್ತಾರು ಪಟ್ಟು ವ್ಯತ್ಯಾಸ.

ಮೊದಲು ಹಿನ್ನೆಲೆ ಸ್ವಲ್ಪ. ಕುಡಿದು ಓಡಿಸುವವರಿಗೆಂದೇ ಮೀಸಲಾದ ಮೊದಲ ಕೋರ್ಟ್ 1995ರಲ್ಲಿ ನ್ಯೂ ಮೆಕ್ಸಿಕೋದ ಡೋನ್ಯಾ ಆನಾ ಕೌಂಟಿಯಲ್ಲಿ ಶುರುವಾಯಿತು. ಡಿಡಬ್ಲ್ಯುಐ ಕೋರ್ಟ್ ಅಂತ ಇವುಗಳ ಹೆಸರು. ಇವತ್ತು ಇಂಥವು ದೇಶದ ತುಂಬ ಇವೆ. ಪದೇ ಪದೇ ಜಡ್ಜ್ ಮುಂದೆ ಹಾಜರಾಗಬೇಕು, ಮೇಲಿಂದ ಮೇಲೆ ಪರೀಕ್ಷೆ ಕೊಡಬೇಕು, ಕೌನ್ಸೆಲಿಂಗ್‌ಗೆ ಹೋಗಬೇಕು. ಒಂದು ವರ್ಷಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅದು 80, ಯೂಟಾದಲ್ಲಿ ಮಾತ್ರ 50. ಅಂದರೆ ಮಿತಿ ನಮ್ಮದೇ ಬಿಗಿ. ಆದರೆ ನಮ್ಮ ಸೆಕ್ಷನ್ ದಂಡ, ಜೈಲು ಅಂತ ಹೇಳಿ ನಿಲ್ಲುತ್ತದೆ. ಅಲ್ಲಿನ ಕೋರ್ಟು ಕುಡಿತವನ್ನೇ ಹಿಡಿದು ಕೂರುತ್ತದೆ.

ಜಡ್ಜ್ ಔಷಧಿ ಚೀಟಿ ಬರೆಯುವುದಿಲ್ಲ, ಇದು ನೆನಪಿರಲಿ. ಕೋರ್ಟ್ ತಪಾಸಣೆ ಮಾಡಿಸಿಕೊಳ್ಳಿ, ಚಿಕಿತ್ಸೆ ತಗೊಳ್ಳಿ ಅನ್ನಬಹುದು. ಯಾವ ಔಷಧಿ, ಎಷ್ಟು, ಬೇಕೋ ಬೇಡವೋ ಅನ್ನುವುದು ಡಾಕ್ಟರ್ ಮತ್ತು ನಿಮ್ಮ ನಡುವಿನ ಮಾತು. ಸಿಕ್ಕಿಬಿದ್ದವರೆಲ್ಲರಿಗೂ ಔಷಧಿ ಬೇಕು ಅಂತಲೂ ಇಲ್ಲ. ಒಂದು ಮದುವೆ ಪಾರ್ಟಿಯ ರಾತ್ರಿ ಬುದ್ಧಿಗೆಟ್ಟು ಕಾರು ಹತ್ತಿದವರ ಕಥೆ ಬೇರೆ. ದಿನಾ ಸಂಜೆ ಕುಡಿಯದೇ ಇರಲಾಗದವರ ಕಥೆ ಬೇರೆ. ಈ ಬರಹ ಎರಡನೆಯವರಿಗೆ.

ಇನ್ನೊಂದು ಎಚ್ಚರಿಕೆ. ಇದನ್ನು ದಯವಿಟ್ಟು ಲಘುವಾಗಿ ತಗೊಳ್ಳಬೇಡಿ. ದಿನಾ ಜಾಸ್ತಿ ಕುಡಿಯುವವರು ಕೋರ್ಟಿಗೆ ಹೆದರಿ ಒಂದೇ ದಿನದಲ್ಲಿ ನಿಲ್ಲಿಸಿದರೆ ಕೈ ನಡುಕ, ಬೆವರು, ಫಿಟ್ಸ್, ಬುದ್ಧಿ ಭ್ರಮೆ ಬರಬಹುದು. ಜೀವಕ್ಕೇ ಕುತ್ತು ಬಂದೀತು. ಈ ಬರಹದಲ್ಲಿ ಹೋಲಿಸಿರುವ ಮುಖ್ಯ ಔಷಧಿಗಳು ಯಾವುವೂ ಅದನ್ನು ತಡೆಯುವುದಿಲ್ಲ. ಅದಕ್ಕೆ ಡಾಕ್ಟರ್ ಕಣ್ಣಳತೆಯಲ್ಲಿ ಡಿಟಾಕ್ಸ್, ಅಂದರೆ ಮೈಯಿಂದ ಮದ್ಯವನ್ನು ಅಪಾಯವಿಲ್ಲದ ಹಾಗೆ ಬಿಡಿಸುವ ಚಿಕಿತ್ಸೆ, ಮೊದಲು ಆಗಬೇಕು. ಔಷಧಿ ಆರಿಸುವುದು ಆಮೇಲೆ.

ಯಾವುದರ ಮೇಲೆ ಅಳೆಯಬೇಕು?

ಮೊದಲನೆಯದು, ಕೋರ್ಟ್ ಎಣಿಸುವುದು ಏನನ್ನು ಅನ್ನುವುದು. ಬಹಳ ಜನ ಇಲ್ಲೇ ಎಡವುತ್ತಾರೆ. ಡಾಕ್ಟರ್ ಕಣ್ಣಿಗೆ ವಾರಕ್ಕೆ ಐದು ದಿನ ಕುಡಿಯುತ್ತಿದ್ದವನು ಒಂದು ದಿನಕ್ಕೆ ಇಳಿದರೆ ಅದು ದೊಡ್ಡ ಗೆಲುವು. ಕೋರ್ಟಿಗೆ ಅದು ಷರತ್ತು ಮುರಿದ ಹಾಗೆ. ಕೋರ್ಟ್ ಕೇಳುವುದು ಸೊನ್ನೆ. ಅದನ್ನು ಹಿಡಿಯುವ ಉಪಕರಣಗಳೂ ಚುರುಕು. ಕಾಲಿಗೆ ಕಟ್ಟುವ ಸ್ಕ್ರ್ಯಾಮ್ ಪಟ್ಟಿ ಅರ್ಧ ಗಂಟೆಗೊಮ್ಮೆ ಬೆವರು ನೋಡುತ್ತದೆ. ಮೂತ್ರದ ಇಟಿಜಿ ಪರೀಕ್ಷೆ ಎರಡು ಮೂರು ದಿನ ಹಿಂದಿನ ಕುಡಿತವನ್ನೂ ತೋರಿಸಬಲ್ಲದು. ರಕ್ತದ ಪೆತ್ ಪರೀಕ್ಷೆ ವಾರಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಕುಡಿತ ಕಡಿಮೆ ಮಾಡುವ ಔಷಧಿ ಯಾವುದು, ಪೂರ್ತಿ ಬಿಟ್ಟವರನ್ನು ಬಿಟ್ಟ ಹಾಗೇ ಇರಿಸುವ ಔಷಧಿ ಯಾವುದು ಅನ್ನುವುದು ಇಲ್ಲಿ ತಲೆಹರಟೆ ಪ್ರಶ್ನೆಯಲ್ಲ.

ಎರಡನೆಯದು, ನೀವು ಈಗಾಗಲೇ ಬಿಟ್ಟಿದ್ದೀರಾ, ಇನ್ನೂ ಕುಡಿಯುತ್ತಿದ್ದೀರಾ. ಮೂರನೆಯದು ಲಿವರ್, ಕಿಡ್ನಿ, ಹೃದಯ, ಮತ್ತು ನೋವಿಗೆ ಅಫೀಮಿನ ಜಾತಿಯ ಮಾತ್ರೆ ತಗೊಳ್ಳುತ್ತಿದ್ದೀರಾ ಅನ್ನುವುದು. ನಾಲ್ಕನೆಯದು, ದಿನಾ ಮಾತ್ರೆ ನುಂಗುವ ಶಿಸ್ತು ಇದೆಯಾ, ಇಲ್ಲದಿದ್ದರೆ ನೋಡಿಕೊಳ್ಳುವವರು ಯಾರು. ಕೊನೆಗೆ ದುಡ್ಡು ಮತ್ತು ಇನ್ಶೂರೆನ್ಸ್.

ನಾಲ್ಟ್ರೆಕ್ಸೋನ್: ಮಾತ್ರೆಯೋ ಇಂಜೆಕ್ಷನ್ನೋ?

ಕುಡಿದಾಗ ಮೆದುಳಿನಲ್ಲಿ ಬರುವ ಆ ಹಿತವಾದ ಮತ್ತನ್ನು ಈ ಔಷಧಿ ತಗ್ಗಿಸುತ್ತದೆ. ಕುಡಿದರೆ ವಾಂತಿ ಆಗುವುದಿಲ್ಲ, ಶಿಕ್ಷೆ ಏನೂ ಇಲ್ಲ. ಸುಮ್ನೆ ಮಜಾ ಕಡಿಮೆ. ಎರಡು ಪೆಗ್‌ಗೆ ನಿಲ್ಲಿಸಲು ಆಗದವರಿಗೆ ನಿಲ್ಲಿಸುವುದು ಸ್ವಲ್ಪ ಸುಲಭವಾಗುತ್ತದೆ. ಕುಡಿತಕ್ಕೆಂದು 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ದಿನಕ್ಕೆ 50 ಮಿಲಿಗ್ರಾಂ ಮಾತ್ರೆಗೆ. 2006ರಲ್ಲಿ ತಿಂಗಳಿಗೊಮ್ಮೆ ಸೊಂಟದ ಕೆಳಗೆ ಚುಚ್ಚುವ 380 ಮಿಲಿಗ್ರಾಂ ಇಂಜೆಕ್ಷನ್ ಬಂತು, ವಿವಿಟ್ರೋಲ್ ಅಂತ.

ಇದರ ಬಲ ಎಷ್ಟು? 2006ರಲ್ಲಿ 1,383 ಜನರ ಮೇಲೆ ಅಮೆರಿಕದಲ್ಲಿ ನಡೆದ ಕಂಬೈನ್ ಅಧ್ಯಯನದಲ್ಲಿ ಡಾಕ್ಟರ್ ನಿಗಾದ ಜೊತೆ ನಾಲ್ಟ್ರೆಕ್ಸೋನ್ ತಗೊಂಡವರು ಒಳ್ಳೆಯ ಫಲ ಕಂಡರು. 2023ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ದೊಡ್ಡ ವಿಮರ್ಶೆ ಹೇಳುವುದು ಹೀಗೆ: 11 ಜನಕ್ಕೆ ಈ ಮಾತ್ರೆ ಕೊಟ್ಟರೆ ವಿಪರೀತ ಕುಡಿತಕ್ಕೆ ಮರಳಬೇಕಿದ್ದ ಒಬ್ಬರು ಮರಳದೆ ಉಳಿಯುತ್ತಾರೆ. ಒಂದು ಹನಿಯೂ ಮುಟ್ಟದಂತೆ ಒಬ್ಬರನ್ನು ಉಳಿಸಲು ಮಾತ್ರ 18 ಜನಕ್ಕೆ ಕೊಡಬೇಕು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಕೋರ್ಟಿನ ಷರತ್ತಿನ ಪಕ್ಕ ಇಟ್ಟು ನೋಡಿ. ನಾಲ್ಟ್ರೆಕ್ಸೋನ್ ಚೆನ್ನಾಗಿ ತಡೆಯುವುದು ಐದನೇ ಪೆಗ್ಗನ್ನು. ಕೋರ್ಟ್ ಹಿಡಿಯುವುದು ಮೊದಲನೆಯದನ್ನು.

ಇಂಟರ್ನೆಟ್‌ನಲ್ಲಿ "ಕುಡಿಯುವ ಒಂದು ಗಂಟೆ ಮುಂಚೆ ಮಾತ್ರೆ ತಗೊಂಡು ಕುಡಿಯಿರಿ, ನಿಧಾನಕ್ಕೆ ಚಟವೇ ಹೋಗುತ್ತೆ" ಅನ್ನುವ ವಿಧಾನ ಓದಿರುತ್ತೀರಿ. ಕೋರ್ಟಿನ ಷರತ್ತಿನಲ್ಲಿ ಇರುವವರು ಅದರ ಗೊಡವೆಗೇ ಹೋಗಬಾರದು. ಚಟ ಹೋಗುವ ಮೊದಲು ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾದಲ್ಲಿ ಹೊರಗಿರುವ ಅವಕಾಶ) ಹೋಗುತ್ತದೆ.

ಮಾತ್ರೆ ಮತ್ತು ಇಂಜೆಕ್ಷನ್ ಒಳಗಿನ ಸರಕು ಒಂದೇ. ವ್ಯತ್ಯಾಸ ಇರುವುದು ಮನಸ್ಸಿನ ಚಂಚಲತೆಗೆ ಎಷ್ಟು ಅವಕಾಶ ಅನ್ನುವುದರಲ್ಲಿ. ಮಾತ್ರೆಯಾದರೆ ಶುಕ್ರವಾರ ಬೆಳಿಗ್ಗೆ ಬೇಕಂತಲೇ ಮರೆಯಬಹುದು. ಇಂಜೆಕ್ಷನ್ ಆದರೆ ತಿಂಗಳಿಗೆ ಒಂದೇ ಸಲ ಗಟ್ಟಿ ಮನಸ್ಸು ಮಾಡಿದರೆ ಸಾಕು. ಕೋರ್ಟಿಗೂ ಇದು ಇಷ್ಟ, ಯಾಕೆಂದರೆ ಕ್ಲಿನಿಕ್ಕಿನ ಒಂದು ಚೀಟಿ ಇಡೀ ತಿಂಗಳ ಲೆಕ್ಕ ಕೊಡುತ್ತದೆ. ಮಿಷಿಗನ್ ಮತ್ತು ಮಿಸೂರಿಯ ಕೋರ್ಟುಗಳಲ್ಲಿ ಇದನ್ನು ಸಣ್ಣ ಪ್ರಮಾಣದಲ್ಲಿ ಪ್ರಯತ್ನಿಸಿ ನೋಡಿದಾಗ ಇಂಜೆಕ್ಷನ್ ತಗೊಂಡವರು ಕೋರ್ಟಿನ ಹಾಜರಿ ತಪ್ಪಿಸಿದ್ದು ಕಡಿಮೆ. ಆದರೆ ಆ ಗುಂಪು ಚಿಕ್ಕದು, ಇಂಜೆಕ್ಷನ್‌ಗೆ ಒಪ್ಪುವವರು ಮೊದಲೇ ಬಿಡುವ ಮನಸ್ಸು ಮಾಡಿದವರೂ ಆಗಿರಬಹುದು. ಅದನ್ನು ಗಟ್ಟಿ ಸಾಕ್ಷಿ ಅಂತ ನಾನು ಹೇಳಲಾರೆ.

ದುಡ್ಡಿನ ವಿಷಯ. ಮಾತ್ರೆಯ ಜೆನೆರಿಕ್ ಅಗ್ಗ. ಇನ್ಶೂರೆನ್ಸ್ ಇಲ್ಲದವರೂ ಹೇಗೋ ನಿಭಾಯಿಸಬಹುದು. ಇಂಜೆಕ್ಷನ್‌ನ ಪಟ್ಟಿ ಬೆಲೆ ತಿಂಗಳಿಗೆ ಸಾವಿರ ಡಾಲರ್ ದಾಟುತ್ತದೆ. ಇನ್ಶೂರೆನ್ಸ್ ಕೊಡುವುದಾದರೂ ಎಷ್ಟೋ ಸಲ ಮುಂಚಿತವಾಗಿ ಅನುಮತಿ ಕೇಳುತ್ತದೆ. ಆ ಕಾಗದಪತ್ರ ಓಡಾಡುವಷ್ಟರಲ್ಲಿ ಕೋರ್ಟಿನ ತಾರೀಖು ಬಂದುಬಿಡಬಹುದು. ಅದಕ್ಕೇ ಮಾತ್ರೆಯಲ್ಲಿ ಶುರು ಮಾಡಿ, ಹೊಂದಿಕೊಂಡರೆ ಇಂಜೆಕ್ಷನ್‌ಗೆ ಹೋಗುವುದು ಜಾಣತನ. ವಾಕರಿಕೆ, ತಲೆನೋವು ಬರುವವರಿಗೆ ಅದು ಮೊದಲೇ ಗೊತ್ತಾಗುತ್ತದೆ. ಮಾತ್ರೆ ನಿಲ್ಲಿಸಬಹುದು, ಒಳಗೆ ಹೋದ ಇಂಜೆಕ್ಷನ್ನನ್ನು ತಿಂಗಳವರೆಗೆ ವಾಪಸ್ ತೆಗೆಯಲಾಗದು, ಅಲ್ವಾ?

ಯಾರಿಗೆ ಬೇಡ? ಟ್ರಾಮಡಾಲ್, ಕೋಡೀನ್, ಆಕ್ಸಿಕೋಡೋನ್‌ನಂಥ ನೋವಿನ ಮಾತ್ರೆ ತಗೊಳ್ಳುವವರಿಗೆ. ಅವನ್ನು ನಿಲ್ಲಿಸಿ ಕನಿಷ್ಠ 7ರಿಂದ 10 ದಿನ ಆಗದೆ ನಾಲ್ಟ್ರೆಕ್ಸೋನ್ ತಗೊಂಡರೆ ನರಳಾಟ ಹೇಳತೀರದು. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಕೋಡೀನ್ ಇರುತ್ತದೆ ಅನ್ನುವುದು ಮರೆಯಬೇಡಿ. ಆಪರೇಷನ್ ಇಟ್ಟುಕೊಂಡವರು ಮೊದಲೇ ಹೇಳಬೇಕು. ಅಪಘಾತ ಆದಾಗ ಅಫೀಮಿನ ಜಾತಿಯ ನೋವಿನ ಔಷಧಿ ಕೆಲಸ ಮಾಡದೇ ಹೋಗಬಹುದು, ಅದಕ್ಕೆ ನಾಲ್ಟ್ರೆಕ್ಸೋನ್ ತಗೊಳ್ಳುತ್ತಿದ್ದೇನೆ ಅಂತ ಬರೆದ ಒಂದು ಕಾರ್ಡ್ ಪರ್ಸಿನಲ್ಲಿ ಇರಬೇಕು. ಲಿವರ್ ಊತ ಜೋರಾಗಿ ಇರುವಾಗಲೂ ಡಾಕ್ಟರ್‌ಗಳು ಹಿಂಜರಿಯುತ್ತಾರೆ.

ಅಕಾಂಪ್ರೋಸೇಟ್: ಬಿಟ್ಟವರಿಗೆ

ಕುಡಿತ ಬಿಟ್ಟ ಮೇಲೆ ಮೆದುಳು ವಾರಗಟ್ಟಲೆ ಚಡಪಡಿಸುತ್ತದೆ. ನಿದ್ದೆ ಇಲ್ಲ, ಕಿರಿಕಿರಿ, ಸಂಜೆಯಾದರೆ ಕೈ ಬಾಟಲಿ ಹುಡುಕುತ್ತದೆ. ಅಕಾಂಪ್ರೋಸೇಟ್ ಆ ಚಡಪಡಿಕೆಯನ್ನು ಶಮನ ಮಾಡುತ್ತದೆ ಅಂತ ಡಾಕ್ಟರ್‌ಗಳ ತಿಳಿವಳಿಕೆ. ಯುರೋಪಿನಲ್ಲಿ ಮೊದಲಿಂದ ಬಳಕೆಯಲ್ಲಿತ್ತು. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು.

ಅದೇ 2023ರ ವಿಮರ್ಶೆಯಲ್ಲಿ, ಒಂದು ಹನಿಯೂ ಮುಟ್ಟದಂತೆ ಒಬ್ಬರನ್ನು ಉಳಿಸಲು ಈ ಔಷಧಿಯನ್ನು 11 ಜನಕ್ಕೆ ಕೊಟ್ಟರೆ ಸಾಕು. ಅಂದರೆ ಕೋರ್ಟ್ ಕೇಳುವ ಸೊನ್ನೆಗೆ ಇದೇ ಹತ್ತಿರ. ಹಾಗಾದರೆ ಎಲ್ಲರಿಗೂ ಇದನ್ನೇ ಯಾಕೆ ಕೊಡುವುದಿಲ್ಲ? ಕಂಬೈನ್ ಅಧ್ಯಯನದಲ್ಲಿ ಇದು ಖಾಲಿ ಮಾತ್ರೆಗಿಂತ ಮೇಲೇನೂ ಮಾಡಲಿಲ್ಲ. ಪೂರ್ತಿ ಬಿಟ್ಟು, ಡಿಟಾಕ್ಸ್ ಮುಗಿಸಿ ಶುರು ಮಾಡಿದವರಲ್ಲಿ ಇದು ಕೆಲಸ ಮಾಡುತ್ತದೆ, ಅರೆಬರೆ ಬಿಟ್ಟವರಲ್ಲಿ ಅಷ್ಟಕ್ಕಷ್ಟೇ ಅನ್ನುವುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಜೈಲಿನಿಂದಲೋ ಚಿಕಿತ್ಸಾ ಕೇಂದ್ರದಿಂದಲೋ ಈಗಷ್ಟೇ ಹೊರಬಂದವರಿಗೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಈಗಾಗಲೇ ಬಿಟ್ಟವರಿಗೆ ಇದು ಹೊಂದುವುದು ಅದಕ್ಕೇ.

ತೊಂದರೆ ಇರುವುದು ಎಣಿಕೆಯಲ್ಲಿ. 333 ಮಿಲಿಗ್ರಾಂನ ಎರಡು ಮಾತ್ರೆ, ದಿನಕ್ಕೆ ಮೂರು ಸಲ. ತಿಂಗಳಿಗೆ 180 ಮಾತ್ರೆ! ಆಫೀಸಿನಲ್ಲಿ ಮಧ್ಯಾಹ್ನದ ಡೋಸ್ ತಪ್ಪುವುದು ಖಂಡಿತ. ಇದು ಲಿವರ್‌ಗೆ ಭಾರವಲ್ಲ, ಲಿವರ್ ಕೆಟ್ಟವರಿಗೂ ಕೊಡುತ್ತಾರೆ. ಹೊರಹೋಗುವುದು ಕಿಡ್ನಿಯ ಮೂಲಕ, ಹಾಗಾಗಿ ಶುರು ಮಾಡುವ ಮುಂಚೆ ಕ್ರಿಯಾಟಿನಿನ್ ನೋಡಿಸಬೇಕು. ಕಿಡ್ನಿ ತೀರಾ ಸೋತಿದ್ದರೆ ಕೊಡುವಂತಿಲ್ಲ. ಬೇಧಿ ಆಗುವುದುಂಟು. ನೋವಿನ ಮಾತ್ರೆಗಳ ಜೊತೆ ಜಗಳ ಇಲ್ಲ.

ಡೈಸಲ್ಫಿರಾಮ್: ಅಮ್ಮ ಹೇಳಿದ ಮಾತ್ರೆ

ಇದರ ಬ್ರ್ಯಾಂಡ್ ಹೆಸರು ಆಂಟಬ್ಯೂಸ್ ಅಂದರೆ ಹಳಬರಿಗೆಲ್ಲ ಗೊತ್ತು. ಡೆನ್ಮಾರ್ಕಿನಲ್ಲಿ 1940ರ ದಶಕದ ಕೊನೆಗೆ ಇದರ ಗುಣ ಗೊತ್ತಾಯಿತು, 1951ರಲ್ಲಿ ಅಮೆರಿಕಕ್ಕೆ ಬಂತು. ಮದ್ಯ ದೇಹದಲ್ಲಿ ಕರಗುವಾಗ ಮಧ್ಯದಲ್ಲಿ ಅಸಿಟಾಲ್ಡಿಹೈಡ್ ಅನ್ನುವ ವಿಷ ಹುಟ್ಟುತ್ತದೆ. ಸಾಮಾನ್ಯವಾಗಿ ಅದು ಬೇಗ ಕರಗಿಹೋಗುತ್ತದೆ. ಡೈಸಲ್ಫಿರಾಮ್ ಅದನ್ನು ಕರಗಲು ಬಿಡುವುದಿಲ್ಲ. ಕುಡಿದರೆ ಮುಖ ಕೆಂಪಾಗಿ, ಎದೆ ಡವಡವ ಹೊಡೆದುಕೊಂಡು, ವಾಂತಿ ಶುರು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಪೆಟ್ಟು ಬೀಳಬಹುದು.

ಭಯ ಹುಟ್ಟಿಸುವ ಔಷಧಿ ಇದು. ಭಯ ಕೆಲಸ ಮಾಡಬೇಕಾದರೆ ಮಾತ್ರೆ ಹೊಟ್ಟೆಗೆ ಹೋಗಿರಬೇಕು. 1986ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 605 ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ ಪೂರ್ತಿ ಬಿಟ್ಟವರ ಸಂಖ್ಯೆ ಇದರಿಂದ ಏರಲಿಲ್ಲ. ಮನೆಯಲ್ಲಿ ಬೇಕಾದವರು ನುಂಗಿದರು, ಬೇಡವಾದವರು ಬಿಟ್ಟರು. ಯಾರಾದರೂ ಎದುರಿಗೆ ನಿಂತು ನುಂಗಿಸಿದಾಗ ಮಾತ್ರ ಇದರ ಫಲ ಚೆನ್ನ. ಕೋರ್ಟಿನ ಚಿಕಿತ್ಸೆಗೆ ಇದು ಹಳೆಯ ನೆಂಟ ಆಗಿರುವುದು ಇದೇ ಕಾರಣಕ್ಕೆ: ಕ್ಲಿನಿಕ್ಕಿನವರ ಎದುರು ನುಂಗಿ ಸಹಿ ಹಾಕಿಸಿಕೊಳ್ಳುವ ವ್ಯವಸ್ಥೆ ಅಲ್ಲಿ ಸಾಧ್ಯ. ಉಳಿದ ಔಷಧಿಗಳಿಗೆ ಕಾವಲು ಒಂದು ಸಹಾಯ ಮಾತ್ರ. ಇದಕ್ಕೆ ಕಾವಲೇ ಅರ್ಧ ಔಷಧಿ.

ಮಾತ್ರೆ ಅಗ್ಗ. ಆದರೆ ಲಿವರ್ ಪರೀಕ್ಷೆ ಮತ್ತೆ ಮತ್ತೆ ಮಾಡಿಸಬೇಕು, ಅಪರೂಪಕ್ಕೆ ಲಿವರ್‌ಗೆ ತೀವ್ರ ಹಾನಿ ಆಗುವುದುಂಟು. ಹೃದ್ರೋಗ ಇದ್ದವರಿಗೆ, ಭ್ರಮೆಯ ಮಾನಸಿಕ ಕಾಯಿಲೆ ಇದ್ದವರಿಗೆ ಕೊಡಬಾರದು. ಮೆಟ್ರೊನಿಡಜೋಲ್ (ಫ್ಲ್ಯಾಜಿಲ್ ಮಾತ್ರೆಯಲ್ಲಿ ಇರುವುದು ಇದೇ) ಜೊತೆ ಕೂಡದು. ಹೊಟ್ಟೆ ಕೆಟ್ಟಾಗ ಊರಿಂದ ತಂದ ಫ್ಲ್ಯಾಜಿಲ್ ನುಂಗುವ ಅಭ್ಯಾಸ ನಮ್ಮವರಲ್ಲಿ ಎಷ್ಟು ಜನಕ್ಕಿಲ್ಲ! ಕೊನೆಯ ಗುಟುಕು ಕುಡಿದು ಕನಿಷ್ಠ 12 ಗಂಟೆ ಆಗದೆ ಮೊದಲ ಮಾತ್ರೆ ಮುಟ್ಟಬಾರದು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ನಮ್ಮ ಕಡೆ ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲೋ ಕಾಫಿಯಲ್ಲೋ ಇದನ್ನು ಬೆರೆಸಿ ಕೊಡುವ ರೂಢಿ ಇದೆ. ಹೆಂಡತಿಯರ ಸಂಕಟ ಅರ್ಥವಾಗುತ್ತದೆ. ಆದರೂ ಇದು ಕೊಲೆಯ ಹತ್ತಿರಕ್ಕೆ ಹೋಗುವ ಕೆಲಸ. ಗೊತ್ತಿಲ್ಲದೆ ಕಂಠಪೂರ್ತಿ ಕುಡಿದವನ ಹೃದಯ ನಿಂತೇ ಹೋಗಬಹುದು. ವ್ಯಕ್ತಿಗೆ ಪೂರ್ತಿ ತಿಳಿಸದೆ ಕೊಡಲೇಬಾರದು ಅಂತ ಔಷಧಿಯ ಎಚ್ಚರಿಕೆಯಲ್ಲೇ ಬರೆದಿದೆ.

ಇನ್ನು ಮನೆಯಲ್ಲಿ ಅಡಗಿರುವ ಮದ್ಯ. ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್, ರಮ್ ಕೇಕ್ ಎಲ್ಲರಿಗೂ ಗೊತ್ತು. ನಮ್ಮ ಕಪಾಟಿನಲ್ಲಿ ದಶಮೂಲಾರಿಷ್ಟ, ಅಶೋಕಾರಿಷ್ಟ, ದ್ರಾಕ್ಷಾಸವ ಇರುತ್ತವೆ. ಅರಿಷ್ಟ, ಆಸವ ಅಂದರೆ ಹುದುಗಿಸಿ ಮಾಡಿದ್ದು, ಅವುಗಳಲ್ಲಿ ಮದ್ಯ ತಾನಾಗಿಯೇ ಹುಟ್ಟಿರುತ್ತದೆ. ಡೈಸಲ್ಫಿರಾಮ್ ಮೇಲೆ ಇರುವವರಿಗೆ ಅದು ಪೆಟ್ಟು ಕೊಟ್ಟೀತು. ಬೇರೆ ಔಷಧಿ ತಗೊಳ್ಳುವವರಿಗೂ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಅಪಾಯ ಇದೆ. "ಅದು ಆಯುರ್ವೇದ ಕಣ್ರೀ" ಅನ್ನುವ ಸಮಜಾಯಿಷಿಯನ್ನು ಪ್ರೊಬೇಷನ್ ಆಫೀಸರ್ ಕೇಳುವುದಿಲ್ಲ.

ಉಳಿದವು

ಟೋಪಿರಮೇಟ್, ಗ್ಯಾಬಪೆಂಟಿನ್ ಬೇರೆ ಕಾಯಿಲೆಗೆ ಬಂದ ಮಾತ್ರೆಗಳು. ಮೊದಲಿನವು ಹೊಂದದಿದ್ದಾಗ ಡಾಕ್ಟರ್‌ಗಳು ಕುಡಿತಕ್ಕೂ ಬರೆಯುತ್ತಾರೆ. ಎರಡೂ ಮಂಪರು ತರುತ್ತವೆ. ಕುಡಿದು ಓಡಿಸಿದ ಕೇಸಿನಲ್ಲಿ ಇರುವವರು ಮಂಪರಿನಲ್ಲಿ ಓಡಿಸಿ ಇನ್ನೊಂದು ಕೇಸು ಮೈಮೇಲೆ ಎಳೆದುಕೊಳ್ಳುವುದು ಬೇಡ. ಇವನ್ನು ಕೊನೆಯ ಸಾಲಿನಲ್ಲಿ ಇಡಿ.

ಔಷಧಿ ಇಲ್ಲದ ದಾರಿಯೂ ಇದೆ. ಸೌತ್ ಡಕೋಟಾದಲ್ಲಿ 2005ರಲ್ಲಿ ಶುರುವಾದ 24/7 ಯೋಜನೆಯಲ್ಲಿ ಬೆಳಿಗ್ಗೆ ಸಂಜೆ ಹೋಗಿ ಊದಬೇಕು. ಕುಡಿದಿದ್ದರೆ ಆ ಕ್ಷಣವೇ ಒಂದೆರಡು ದಿನ ಒಳಗೆ. ರ್‍ಯಾಂಡ್ ಸಂಸ್ಥೆಯ ಅಧ್ಯಯನದ ಪ್ರಕಾರ ಇದರಿಂದ ಆ ರಾಜ್ಯದ ಕೌಂಟಿಗಳಲ್ಲಿ ಮತ್ತೆ ಕುಡಿದು ಓಡಿಸಿ ಸಿಕ್ಕಿಬೀಳುವುದು 12 ಪ್ರತಿಶತ ಇಳಿಯಿತು. ಖರ್ಚು ಕಡಿಮೆ, ಲಿವರ್ ಚಿಂತೆ ಇಲ್ಲ. ಆದರೆ ಒಳಗಿನ ಹಂಬಲಕ್ಕೆ ಇದು ಏನೂ ಮಾಡುವುದಿಲ್ಲ. ಕಾವಲು ಇದ್ದಷ್ಟು ದಿನ ಸರಿ ಇದ್ದು, ಮುಗಿದ ವಾರವೇ ಮತ್ತೆ ಶುರು ಮಾಡುವವರಿಗೆ ಊದುವ ಯಂತ್ರದ ಜೊತೆ ಔಷಧಿಯೂ ಬೇಕು.

ಹಾಗಾದರೆ ನಿಮಗೆ?

ಇನ್ನೂ ಪೂರ್ತಿ ಬಿಡಲು ಆಗುತ್ತಿಲ್ಲ, ಲಿವರ್ ಪರವಾಗಿಲ್ಲ, ನೋವಿನ ಮಾತ್ರೆ ಇಲ್ಲ ಅಂದರೆ ನಾಲ್ಟ್ರೆಕ್ಸೋನ್ ಮಾತ್ರೆಯಿಂದ ಶುರು ಮಾಡಿ. ಮಾತ್ರೆ ತಪ್ಪಿಸುತ್ತಿದ್ದೀರಿ ಅಂತ ನಿಮಗೇ ಗೊತ್ತಾದರೆ, ಇನ್ಶೂರೆನ್ಸ್ ಒಪ್ಪಿದರೆ ಇಂಜೆಕ್ಷನ್. ಈಗಾಗಲೇ ಬಿಟ್ಟು ಕೆಲವು ವಾರ ಆಗಿದೆ, ಲಿವರ್ ಸೊರಗಿದೆ ಅಥವಾ ಬೆನ್ನುನೋವಿಗೆ ಟ್ರಾಮಡಾಲ್ ಬಿಡಲಾಗದು ಅಂದರೆ ಅಕಾಂಪ್ರೋಸೇಟ್. ಮನೆಯಲ್ಲಿ ದಿನಾ ಎದುರು ಕೂತು ನುಂಗಿಸುವವರಿದ್ದಾರೆ, ಕುಡಿಯುವುದಿಲ್ಲ ಅನ್ನುವ ನಿರ್ಧಾರ ಗಟ್ಟಿ, ಹೃದಯ ಲಿವರ್ ಎರಡೂ ಚೆನ್ನಾಗಿವೆ ಅಂದರೆ ಡೈಸಲ್ಫಿರಾಮ್ ಕೂಡ ಒಳ್ಳೆಯ ಆಯ್ಕೆಯೇ. ಆದರೆ ಆ ನುಂಗಿಸುವ ಕೆಲಸ ಹೆಂಡತಿಗೆ ಹೊರಿಸುವ ಮುಂಚೆ ಅವರನ್ನು ಕೇಳಿ. ಮನೆ ಪೊಲೀಸ್ ಸ್ಟೇಷನ್ ಆಗುವುದು ಎಲ್ಲ ಸಂಸಾರಕ್ಕೂ ಹಿಡಿಸುವುದಿಲ್ಲ. ಕ್ಲಿನಿಕ್ಕಿನಲ್ಲೇ ನುಂಗುವ ವ್ಯವಸ್ಥೆ ಇದ್ದರೆ ಅದು ಮೇಲು.

ವೀಸಾದಲ್ಲಿ ಇರುವವರಿಗೆ ಇನ್ನೊಂದು ಲೆಕ್ಕ. 2015ರಿಂದ, ಡಿಯುಐ ಬಂಧನ ಆದರೇ ಸಾಕು, ಶಿಕ್ಷೆ ಆಗುವ ಮುಂಚೆಯೇ ವೀಸಾ ಸ್ಟ್ಯಾಂಪ್ ರದ್ದಾಗಬಹುದು. ಮತ್ತೆ ಸ್ಟ್ಯಾಂಪ್‌ಗೆ ಭಾರತಕ್ಕೆ ಹೋದಾಗ ನಿಗದಿತ ಡಾಕ್ಟರ್ ಹತ್ತಿರ ತಪಾಸಣೆಗೆ ಕಳಿಸುತ್ತಾರೆ. ಕುಡಿತದ ಕಾಯಿಲೆ ಇದೆ ಅಂತ ಅವರು ಬರೆದರೆ 12 ತಿಂಗಳು ಬಿಟ್ಟಿರುವುದನ್ನು ಕೇಳುತ್ತಾರೆ. ಆಗ ಚಿಕಿತ್ಸೆಯ ದಾಖಲೆ ಅಚ್ಚುಕಟ್ಟಾಗಿ ಇದ್ದರೆ ಒಳ್ಳೆಯದು. ಊರಿಗೆ ಹೋಗುವ ತಿಂಗಳು ಇಂಜೆಕ್ಷನ್‌ನ ತಾರೀಖು ಬಂದರೆ ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಲಾಗದು, ಫ್ರಿಜ್ ಬೇಕು, ಕೊಡಲು ನರ್ಸ್ ಬೇಕು. ಪ್ರಯಾಣ ಇದ್ದವರಿಗೆ ಮಾತ್ರೆಯೇ ಸಲೀಸು. ಪ್ರೊಬೇಷನ್‌ನಲ್ಲಿದ್ದರೆ ದೇಶ ಬಿಡಲು ಅನುಮತಿ ಬೇಕಾಗಬಹುದು, ಲಾಯರ್‌ನ ಕೇಳಿ.

ಕೊನೆಯದಾಗಿ ಸಹಿ ಹಾಕುವ ಕಾಗದ. ಅಮೆರಿಕದಲ್ಲಿ ಕುಡಿತದ ಚಿಕಿತ್ಸೆಯ ದಾಖಲೆಗೆ ಕಾನೂನಿನ ವಿಶೇಷ ರಕ್ಷಣೆ ಇದೆ. ಆದರೆ ಕೋರ್ಟಿಗೆ ವರದಿ ಹೋಗಲಿ ಅಂತ ಕ್ಲಿನಿಕ್ ನಿಮ್ಮಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತದೆ. ಅದರಲ್ಲಿ ಯಾರಿಗೆ, ಏನೇನು, ಎಲ್ಲಿಯವರೆಗೆ ಅನ್ನುವ ಮೂರು ಜಾಗ ಇರುತ್ತವೆ. ಹಾಜರಿ ಮತ್ತು ಔಷಧಿ ತಗೊಂಡ ದಿನಾಂಕ ಮಾತ್ರ ಸಾಕಾ, ಕೌನ್ಸೆಲರ್ ಹತ್ತಿರ ಆಡಿದ ಮಾತೂ ಹೋಗಬೇಕಾ ಅಂತ ಸಹಿಗೆ ಮುಂಚೆ ಲಾಯರ್ ಎದುರಿಗೆ ಕೂತು ಓದಿ. ಕಾಗದದ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.